ಏಳು ಮಳೆಗಾಲ ಕಂಡ ನನ್ನ 8×42 ಬೈನಾಕ್ಯುಲರ್

2018ರಲ್ಲಿ ಹದಿನಾಲ್ಕು ಸಾವಿರ ಕೊಟ್ಟು ಇದನ್ನು ತಗೊಂಡೆ. ಅಂಗಡಿಯವರು 10×42 ತಗೊಳ್ಳಿ, ಹಕ್ಕಿ ಇನ್ನೂ ದೊಡ್ಡದಾಗಿ ಕಾಣುತ್ತೆ ಅಂದಿದ್ದರು. ಎರಡನ್ನೂ ಹಿಡಿದು ಬಾಗಿಲಲ್ಲಿ ನಿಂತು, ಎದುರಿನ ತಂತಿಯ ಮೇಲೆ ಕೂತಿದ್ದ ಕಾಜಾಣವನ್ನು ನೋಡಿದೆ. ಹತ್ತು ಪಟ್ಟು ತೋರಿಸುವುದರಲ್ಲಿ ಹಕ್ಕಿ ದೊಡ್ಡದು ನಿಜ, ಆದರೆ ಕೈಯ ನಡುಕವೂ ಅಷ್ಟೇ ದೊಡ್ಡದಾಗಿ ಕಾಣುತ್ತಿತ್ತು. ಎಂಟರಲ್ಲಿ ಅದರ ಕವಲು ಬಾಲ ಅಲುಗಾಡದೆ ನಿಂತಿತ್ತು. ಅಲ್ಲೇ ತೀರ್ಮಾನ ಆಯಿತು. ಇಷ್ಟು ವರ್ಷದಲ್ಲಿ ಒಂದು ದಿನವೂ ತಪ್ಪು ಮಾಡಿದೆ ಅನ್ನಿಸಿಲ್ಲ.

ಬೆಳಕಿನ ಲೆಕ್ಕವೂ ಎಂಟರ ಕಡೆಗೇ ಇದೆ. 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಅದನ್ನು ಎಂಟರಿಂದ ಭಾಗಿಸಿದರೆ 5.25. ಕಣ್ಣಿಗೆ ಬಂದು ತಲುಪುವ ಬೆಳಕಿನ ಬಿಲ್ಲೆಯ ಅಗಲ ಅದು. ಹತ್ತರದ್ದರಲ್ಲಿ ಅದು 4.2ಕ್ಕೆ ಇಳಿಯುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಧನುರ್ಮಾಸದ ಬೆಳಗ್ಗೆ ಆರೂವರೆಗೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಿಂತರೆ ಗೊತ್ತಾಗುತ್ತದೆ. ಬರಿಗಣ್ಣಿಗೆ ಕರೀ ಮುದ್ದೆಯಂತೆ ಕಾಣುವ ಮರದಲ್ಲಿ ನೀರುಕಾಗೆ ಯಾವುದು, ಹಾವಕ್ಕಿ ಯಾವುದು ಅಂತ ಇದರಲ್ಲಿ ಕತ್ತಿನ ಉದ್ದ ನೋಡಿ ಹೇಳಬಹುದು.

ಆದರೆ ನಾನು ಇದನ್ನು ಅತಿ ಹೆಚ್ಚು ಬಳಸಿದ್ದು ಕೆರೆಯಲ್ಲೂ ಅಲ್ಲ, ಕಾಡಲ್ಲೂ ಅಲ್ಲ. ನಮ್ಮ ಹಿತ್ತಲಲ್ಲಿ. ಎರಡೂವರೆ ಮೀಟರ್ ಹತ್ತಿರದ ವಸ್ತುವಿಗೂ ಇದು ಫೋಕಸ್ ಆಗುತ್ತದೆ. ಬಟ್ಟೆ ಒಣಹಾಕುವ ತಂತಿಯ ತುದಿಯಲ್ಲಿ ಒಮ್ಮೆ ಸೂರಕ್ಕಿ ಗೂಡು ಕಟ್ಟಿತು. ಅಡುಗೆಮನೆ ಕಿಟಕಿಯಿಂದ ನೋಡುತ್ತಾ ಕೂತೆ. ಹೆಣ್ಣು ಹಕ್ಕಿ ಜೇಡರ ಬಲೆಯ ಎಳೆಯನ್ನು ಕೊಕ್ಕಲ್ಲಿ ತಂದು, ತೊಗಟೆಯ ಚೂರನ್ನು ಅದರಿಂದ ಅಂಟಿಸಿ, ಆಮೇಲೆ ಗೂಡಿನೊಳಗೆ ಕೂತು ಎದೆಯಿಂದ ಒತ್ತಿ ಒತ್ತಿ ಗುಂಡಗೆ ಮಾಡುತ್ತಿತ್ತು. ಬಾಗಿಲ ಮೇಲೆ ಸಣ್ಣದೊಂದು ಸಜ್ಜೆ ಬೇರೆ! ಹತ್ತಿರ ಹೋಗಿದ್ದರೆ ಅದು ಗೂಡು ಬಿಟ್ಟು ಹೋಗುತ್ತಿತ್ತೋ ಏನೋ. ದೂರ ಇದ್ದುಕೊಂಡೇ ಪಕ್ಕದಲ್ಲಿ ಕೂತ ಹಾಗೆ ನೋಡಲು ಸಾಧ್ಯವಾಯಿತು.

ಅಮ್ಮನಿಗೆ ಕನ್ನಡಕ ಇದೆ. ಕಣ್ಣಿಡುವ ಕಡೆಯ ಉಂಗುರವನ್ನು, ಅಂದರೆ ಐ ಕಪ್ ಅನ್ನು, ತಿರುಗಿಸಿ ಒಳಗೆ ಇಳಿಸಿದರೆ ಕನ್ನಡಕ ತೆಗೆಯದೆ ಪೂರ್ತಿ ವೃತ್ತ ಕಾಣುತ್ತದೆ. ಹಾಲಕ್ಕಿ ಅನ್ನುವ ಪುಟ್ಟ ಗೂಬೆ ನುಡಿದರೆ ಶಕುನ ಅಂತ ಕೇಳುತ್ತಾ ಬೆಳೆದವರು ಅವರು, ಹಕ್ಕಿಯನ್ನು ಮಾತ್ರ ಒಮ್ಮೆಯೂ ಸರಿಯಾಗಿ ಕಂಡಿರಲಿಲ್ಲ. ಒಂದು ಸಂಜೆ ಹಲಸಿನ ಮರದ ಪೊಟರೆಯ ಕಡೆ ಹಿಡಿದುಕೊಟ್ಟೆ. "ಅಯ್ಯೋ, ಇಷ್ಟೇನಾ? ಅಂಗೈಯಗಲ ಇಲ್ವಲ್ಲೋ! ನೋಡು, ತಲೆ ಮೇಲೆ ಕೆಳಗೆ ಮಾಡಿ ನನ್ನನ್ನೇ ನೋಡ್ತಿದೆ" ಅಂದರು. ಆವತ್ತಿನಿಂದ ಬೈನಾಕ್ಯುಲರ್ ಹಿತ್ತಲ ಬಾಗಿಲ ಮೊಳೆಯಲ್ಲೇ ಇರುತ್ತದೆ.

ದೂರದ ಪ್ರಯಾಣಗಳಲ್ಲಿ ರಾಜಸ್ಥಾನದ ಭರತಪುರ ಮರೆಯಲಾರೆ. ಜನವರಿ, ಕೇವಲಾದೇವ್ ಉದ್ಯಾನದಲ್ಲಿ ಹತ್ತಡಿ ಆಚೆ ಏನೂ ಕಾಣದಷ್ಟು ಮಂಜು. ಸೈಕಲ್ ರಿಕ್ಷಾ ಓಡಿಸುವವರೇ ಅಲ್ಲಿ ಹಕ್ಕಿ ತೋರಿಸುವ ಗುರುಗಳು. ನಮ್ಮನ್ನು ಕೂರಿಸಿಕೊಂಡವರು ರಿಕ್ಷಾ ನಿಲ್ಲಿಸಿ ಸುಮ್ನೆ ಕಾಯಿರಿ ಅಂದರು. ಕಹಳೆಯಂಥ ಕೂಗು ಮೊದಲು ಬಂತು. ಮಂಜು ತೆಳುವಾದಾಗ ಎರಡು ಸಾರಸಗಳು, ಆಳೆತ್ತರ, ಕೆಂಪು ಕತ್ತನ್ನು ಮೇಲಕ್ಕೆ ಚಾಚಿ ಒಟ್ಟಿಗೆ ಕೂಗುತ್ತಿದ್ದವು. ಬಾಯಿಂದ ಹೊರಟ ಆವಿ ಕೂಡ ಕಂಡಿತು. ಇದೇ ನೀರಿಗೆ ಬರುತ್ತಿದ್ದ ಸೈಬೀರಿಯಾದ ಬಿಳಿ ಕೊಕ್ಕರೆಗಳು 2002ರ ನಂತರ ಬಂದೇ ಇಲ್ಲ ಎಂದು ಅವರು ಹೇಳಿದಾಗ ತುಂಬಾ ಹೊತ್ತು ಯಾರೂ ಮಾತಾಡಲಿಲ್ಲ.

ಇದರ ಮಿತಿ ಗೊತ್ತಾಗಿದ್ದು ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಕೆರೆಯ ನಡುವೆ ಗುಂಪುಗೂಡಿದ್ದವು. ತಲೆಯ ಹಿಂದಿನ ಎರಡು ಕರಿ ಪಟ್ಟೆ ನೋಡಬೇಕೆಂಬ ಆಸೆ, ಎಂಟು ಪಟ್ಟು ಸಾಲಲಿಲ್ಲ. ಅಲ್ಲಿಗೆ ಟ್ರೈಪಾಡ್ ಮೇಲಿಟ್ಟು ಒಂದೇ ಕಣ್ಣಲ್ಲಿ ನೋಡುವ ದೂರದರ್ಶಕ, ಸ್ಪಾಟಿಂಗ್ ಸ್ಕೋಪ್, ಬೇಕು. ಪಕ್ಕದಲ್ಲಿದ್ದವರು ತಮ್ಮದರಲ್ಲಿ ತೋರಿಸಿದರು, ಅವರಿಗೆ ಒಳ್ಳೇದಾಗಲಿ.

ಕೆಟ್ಟಿದ್ದೂ ಉಂಟು. ದಾಂಡೇಲಿ ಹತ್ತಿರದ ಗಣೇಶಗುಡಿ ಊರಲ್ಲಿ ಕೈತಪ್ಪಿ ಕಲ್ಲಿನ ಮೇಲೆ ಬಿತ್ತು. ಮಂಗಟ್ಟೆ ಹಕ್ಕಿ ಒಂದಿದ್ದರೆ ನನಗೆ ಎರಡು ಕಾಣುತ್ತಿತ್ತು, ಹತ್ತು ನಿಮಿಷಕ್ಕೆ ತಲೆನೋವು. ಒಳಗಿನ ಪ್ರಿಸಂ ಜರುಗಿತ್ತು. ಸರ್ವಿಸ್ ಸೆಂಟರಿನವರು ಎರಡು ತಿಂಗಳು ಇಟ್ಟುಕೊಂಡು ಹಾಗೇ ವಾಪಸ್ ಕಳಿಸಿದರು. ಆ ಸಲದ ವಲಸೆ ಹಕ್ಕಿಗಳ ಕಾಲ ಪೂರ್ತಿ ಕಳೆದುಹೋಯಿತು, ಆ ಬೇಜಾರು ಇನ್ನೂ ಇದೆ. ಕೊನೆಗೆ ಹಳೇ ಕ್ಯಾಮೆರಾ ರಿಪೇರಿ ಮಾಡುವ ಹಿರಿಯರೊಬ್ಬರು ಒಂದೇ ದಿನದಲ್ಲಿ ಸರಿಮಾಡಿದರು. ಎರಡು ಕಣ್ಣಿನ ದೃಷ್ಟಿಯ ವ್ಯತ್ಯಾಸ ಸರಿದೂಗಿಸುವ ಡಯಾಪ್ಟರ್ ಉಂಗುರವೂ ಸಡಿಲ, ಚೀಲದಲ್ಲಿ ತಾನೇ ತಿರುಗುತ್ತದೆ. ಈಗ ಟೇಪ್ ಸುತ್ತಿದ್ದೇನೆ. ಜೊತೆಗೆ ಬಂದ ಪಟ್ಟಿ ಕತ್ತು ಕೊಯ್ಯುತ್ತಿತ್ತು. ಹೆಗಲ ಮೇಲೆ ಹಾಯುವ ಹಾರ್ನೆಸ್ ತಗೊಂಡ ಮೇಲೆ ಭಾರ ಗೊತ್ತೇ ಆಗಲ್ಲ.

ಮಳೆಗೆ ಮಾತ್ರ ಇದು ಗಟ್ಟಿ. ಮೊದಲಿದ್ದ ಸೀಲ್ ಇಲ್ಲದ 10×50 ಒಂದೇ ಮಳೆಗಾಲಕ್ಕೆ ಒಳಗೆ ಬೂಸ್ಟು ಹಿಡಿದು ಹೋಗಿತ್ತು. ಇದರೊಳಗೆ ನೈಟ್ರೋಜನ್ ತುಂಬಿ ಸೀಲ್ ಮಾಡಿದ್ದಾರೆ, ಆಗುಂಬೆಯ ಜುಲೈಯಲ್ಲೂ ಒಳಗೆ ಹನಿ ಕಟ್ಟಲಿಲ್ಲ. ಆದರೂ ಮನೆಗೆ ಬಂದ ಕೂಡಲೇ ಒರೆಸಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಡಬ್ಬಿಯಲ್ಲಿ ಒಂದು ರಾತ್ರಿ ಇಡುತ್ತೇನೆ. ಒದ್ದೆ ಚೀಲದಲ್ಲಿ ಮುಚ್ಚಿಟ್ಟರೆ ಗಾಜಿನ ಹೊರಗೂ ಬೂಸ್ಟು ಬರುತ್ತೆ.

ತಗೊಳ್ಳುವವರು ದಯವಿಟ್ಟು ಬೆಳಗ್ಗೆ ಅಲ್ಲ, ಸಂಜೆ ಬೆಳಕು ಇಳಿಯುವಾಗ ಅಂಗಡಿಗೆ ಹೋಗಿ. ಕನ್ನಡಕ ಇದ್ದರೆ ಹಾಕಿಕೊಂಡೇ ನೋಡಿ. ಹೊರಗೆ ಬಂದು ಆಕಾಶಕ್ಕೆ ಎದುರಾಗಿರುವ ಕೊಂಬೆಯೊಂದನ್ನು ನೋಡಿ. ಕೊಂಬೆಯ ಅಂಚಿನಲ್ಲಿ ನೇರಳೆ ಗೆರೆ ಜಾಸ್ತಿ ಕಂಡರೆ ಬೇಡ. ಐದು ನಿಮಿಷ ಕಣ್ಣಿಗೆ ಹಿಡಿದೇ ಇರಿ, ಕೈ ಸೋತರೆ ಅದೂ ಬೇಡ.