ವಿಂಡೋಸ್ ಆ್ಯಕ್ಟಿವೇಶನ್ ಟ್ರಬಲ್‌ಶೂಟರ್: ಒಂದು ಕಾಯಿಲೆಗೆ ಒಳ್ಳೆಯ ಮದ್ದು

ವಿಂಡೋಸ್ 10ಕ್ಕೆ 2016ರಲ್ಲಿ ಬಂದ 1607ನೇ ಆವೃತ್ತಿಯೊಂದಿಗೆ ಸೇರಿಕೊಂಡ, ಆ್ಯಕ್ಟಿವೇಶನ್ (ಲೈಸೆನ್ಸ್ ಅಸಲಿಯೆಂಬ ದೃಢೀಕರಣ) ಕೈಕೊಟ್ಟಾಗ ಸರಿಪಡಿಸಲು ನೆರವಾಗುವ ಆ್ಯಕ್ಟಿವೇಶನ್ ಟ್ರಬಲ್‌ಶೂಟರ್, ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್‌ನ ಸಿಸ್ಟಮ್ ವಿಭಾಗದ ಆ್ಯಕ್ಟಿವೇಶನ್ ಪುಟದಲ್ಲಿದೆ. ಲೈಸೆನ್ಸ್ ಸರಿಯಿರುವಷ್ಟು ದಿನ ಅದರ ಬಟನ್ ಕಾಣಿಸುವುದೇ ಇಲ್ಲ. ಹಾಗಾಗಿ ಪರದೆಯ ಮೂಲೆಯಲ್ಲಿ ‘ಆ್ಯಕ್ಟಿವೇಟ್ ವಿಂಡೋಸ್’ ಎಂಬ ಮಸುಕು ಬರಹ ಮೂಡಿದ ಮೇಲೆಯೇ ಹೆಚ್ಚಿನವರಿಗೆ ಇದರ ಪರಿಚಯವಾಗುತ್ತದೆ.

ನನ್ನ ಕಂಪ್ಯೂಟರಿನ ಮದರ್‌ಬೋರ್ಡ್ ಬದಲಾಯಿಸಿದಾಗ, ಹಾರ್ಡ್‌ವೇರ್ ಬದಲಾಗಿದೆ ಎಂದು ಸೂಚಿಸುವ, ‘ಎಫ್211’ ಎಂದು ಮುಗಿಯುವ ದೋಷಸಂಖ್ಯೆ ಬಂತು. ಟ್ರಬಲ್‌ಶೂಟರ್ ತೆರೆದು, ಇತ್ತೀಚೆಗೆ ಹಾರ್ಡ್‌ವೇರ್ ಬದಲಾಯಿಸಿದ್ದೇನೆ ಎಂಬ ಆಯ್ಕೆಯನ್ನು ಒತ್ತಿ, ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ, ಪಟ್ಟಿಯಲ್ಲಿದ್ದ ನನ್ನ ಕಂಪ್ಯೂಟರಿನ ಹಳೆಯ ಹೆಸರನ್ನು ಗುರುತಿಸಿದೆ. ಕೆಲವೇ ನಿಮಿಷಗಳಲ್ಲಿ ಕೆಲಸ ಮುಗಿಯಿತು. ಆದರೆ ಇದಕ್ಕೆ ಡಿಜಿಟಲ್ ಲೈಸೆನ್ಸನ್ನು (ಕೀ ಬರೆಯದೆಯೇ ಯಂತ್ರವನ್ನು ಗುರುತಿಸುವ ಲೈಸೆನ್ಸ್) ಮೊದಲೇ ಖಾತೆಗೆ ಜೋಡಿಸಿರಬೇಕು, ಅಡ್ಮಿನಿಸ್ಟ್ರೇಟರ್ ಆಗಿರಬೇಕು, ಎಡಿಶನ್ (ಹೋಮ್, ಪ್ರೊ ಮುಂತಾದ ವಿಂಡೋಸ್ ಬಗೆ) ಕೂಡ ಹಿಂದಿನದೇ ಆಗಿರಬೇಕು. ಬೋರ್ಡ್ ಕೆಟ್ಟ ಮೇಲೆ ಖಾತೆ ಜೋಡಿಸಲು ಹೊರಟರೆ ಪಟ್ಟಿಯಲ್ಲಿ ಹಳೆಯ ಯಂತ್ರ ಇರುವುದೇ ಇಲ್ಲ.

ಇದರ ದೊಡ್ಡ ಕೊರತೆಯೆಂದರೆ, ನಮ್ಮಲ್ಲಿರುವುದು ಯಾವ ಬಗೆಯ ಲೈಸೆನ್ಸ್ ಎಂಬುದನ್ನು ಬಿಡಿಸಿ ಹೇಳದಿರುವುದು. ಬಿಡಿಯಾಗಿ ಕೊಂಡ ರೀಟೇಲ್ ಲೈಸೆನ್ಸನ್ನು ಬೇರೆ ಯಂತ್ರಕ್ಕೆ ಸಾಗಿಸಬಹುದು; ಕಾರ್ಖಾನೆಯಿಂದ ಯಂತ್ರದೊಂದಿಗೇ ಬರುವ ಓಇಎಂ ಲೈಸೆನ್ಸ್ ಆ ಯಂತ್ರಕ್ಕೇ ಕಟ್ಟುಬಿದ್ದಿರುತ್ತದೆ; ಸಂಸ್ಥೆಗಳು ಬಳಸುವ ಕೆಎಂಎಸ್ ವ್ಯವಸ್ಥೆಯಲ್ಲಿ ಆ್ಯಕ್ಟಿವೇಶನ್ ಬಾಳುವುದು 180 ದಿನ ಮಾತ್ರ, ಆ ಅವಧಿಯೊಳಗೆ ಸಂಸ್ಥೆಯ ಸರ್ವರ್ ಅದನ್ನು ನವೀಕರಿಸುತ್ತಿರಬೇಕು. ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಎಸ್‌ಎಲ್‌ಎಂಜಿಆರ್ /ಡಿಎಲ್‌ಐ’ ಎಂದು (ಇಂಗ್ಲಿಷ್ ಅಕ್ಷರಗಳಲ್ಲೇ) ಬರೆದರೆ ಈ ಬಗೆ ಒಂದು ಸಣ್ಣ ಕಿಟಕಿಯಲ್ಲಿ ಕಾಣಿಸುತ್ತದೆ. ಇಷ್ಟು ಉಪಯುಕ್ತವಾದ ವಿವರವನ್ನು ಕಮಾಂಡಿನ ಹಿಂದೆ ಅಡಗಿಸಿಟ್ಟಿರುವುದು ನನಗಂತೂ ಸರಿಯೆನಿಸುವುದಿಲ್ಲ. ನಾನು ಟ್ರಬಲ್‌ಶೂಟರಿಗಿಂತ ಮೊದಲು ಈಗ ಇದನ್ನೇ ನೋಡುತ್ತೇನೆ.

ಕೀಯನ್ನೇ (ವಿಂಡೋಸ್ ಆ್ಯಕ್ಟಿವೇಟ್ ಮಾಡುವ ಸಂಕೇತವನ್ನೇ) ತಡೆಹಿಡಿಯಲಾಗಿದೆ ಎನ್ನುವ ‘ಸಿ003’, ಮಿತಿಗಿಂತ ಹೆಚ್ಚು ಯಂತ್ರಗಳಲ್ಲಿ ಬಳಕೆಯಾಗಿದೆ ಎನ್ನುವ ‘ಸಿ008’, ಈ ಎರಡು ದೋಷಸಂಖ್ಯೆಗಳಿಗೂ ಟ್ರಬಲ್‌ಶೂಟರಿನಲ್ಲಿ ಮದ್ದಿಲ್ಲ. ಕೀ ಮಾರಿದವರನ್ನೋ ಗ್ರಾಹಕ ಸೇವೆಯನ್ನೋ ಕೇಳಬೇಕಾಗುತ್ತದೆ.

ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪೊಂದನ್ನು ಕೊಂಡಾಗ ಲೈಸೆನ್ಸ್ ಬಗೆಗಳ ವ್ಯತ್ಯಾಸದ ಬೆಲೆ ನನಗೆ ತಿಳಿಯಿತು. ಮಾರಿದವರು ‘ಒರಿಜಿನಲ್ ವಿಂಡೋಸ್’ ಎಂದಿದ್ದರು. ಕೆಲವು ತಿಂಗಳ ನಂತರ ‘ಎಫ್074’ ಎದುರಾಯಿತು, ಅಂದರೆ ಯಂತ್ರ ಕೆಎಂಎಸ್ ಸರ್ವರನ್ನು ಹುಡುಕಿ ಸೋತಿತ್ತು. ಯಾವುದೋ ಸಂಸ್ಥೆಯ ಎಂಟರ್‌ಪ್ರೈಸ್ ಎಡಿಶನ್ ಅದರಲ್ಲಿತ್ತು. ಆದರೆ ವಿಂಡೋಸ್ 8ರ ಕಾಲದಿಂದ ಕಾರ್ಖಾನೆಯ ಕೀ ಸಾಮಾನ್ಯವಾಗಿ ಫರ್ಮ್‌ವೇರ್‌ನಲ್ಲೇ (ಮದರ್‌ಬೋರ್ಡಿನಲ್ಲಿ ಅಡಗಿರುವ ಮೂಲ ತಂತ್ರಾಂಶದಲ್ಲೇ) ಅಡಕವಾಗಿರುತ್ತದೆ, ಈ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಹೋಮ್ ಎಡಿಶನ್ನಿನ ಕೀ. ಕಡತಗಳನ್ನೆಲ್ಲ ಬೇರೆಡೆ ಉಳಿಸಿಕೊಂಡು ಹೋಮ್ ಎಡಿಶನ್ನನ್ನು ಹೊಸದಾಗಿ ಇನ್‌ಸ್ಟಾಲ್ ಮಾಡಿದೆ. ಇಂಟರ್ನೆಟ್ ಸಿಕ್ಕಿದ ಕೂಡಲೇ, 25 ಅಕ್ಷರಗಳ ಕೀಯನ್ನು ಒಮ್ಮೆಯೂ ಕೇಳದೆ, ಅದು ತಾನಾಗಿ ಆ್ಯಕ್ಟಿವೇಟ್ ಆಯಿತು. ಟ್ರಬಲ್‌ಶೂಟರಿನ ಬಟನ್ನೂ ಪುಟದಿಂದ ಮಾಯವಾಯಿತು.