ಬೆಂಗಳೂರಿನ ಜೆ.ಸಿ. ರಸ್ತೆ ಒಳಗಲ್ಲಿಯ ಆಟೋ ಎಲೆಕ್ಟ್ರಿಷಿಯನ್: ಇಂಡಿಕೇಟರ್ ತೊಂದರೆಗೆ ಒಳ್ಳೆ ಕೈ

ಬೈಕಿನ ಇಂಡಿಕೇಟರ್ ಒಮ್ಮೆ ಮಿನುಗಿ ಇನ್ನೊಮ್ಮೆ ಸುಮ್ನೆ ಆರಿಹೋಗುತ್ತಿದ್ದರೆ ಇಲ್ಲಿಗೆ ಬನ್ನಿ. ನನ್ನ ಬೈಕಿಗೂ ಇದೇ ತೊಂದರೆ; ಬೇರೆ ಕಡೆ ಏನೂ ನೋಡದೆ ಫ್ಲ್ಯಾಷರ್ ರಿಲೇ (ಇಂಡಿಕೇಟರ್ ಮಿನುಗಿಸುವ ಪುಟ್ಟ ಸ್ವಿಚ್) ಬದಲಿಸಿದ್ದರು, ದುಡ್ಡು ಹೋಯಿತು, ತೊಂದರೆ ಹೋಗಲಿಲ್ಲ. ಇವರು ಇಂಡಿಕೇಟರ್ ಹಾಕಿ ಮೊದಲು ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿದರು. ಎಡಕ್ಕೆ ತಿರುಗಿಸಿದಾಗ ಮಾತ್ರ ದೀಪ ಆರಿತು! ಹೆಡ್‌ಲೈಟ್ ಹಿಂದೆ, ಹ್ಯಾಂಡಲ್ ತಿರುಗಿದಾಗಲೆಲ್ಲ ವೈರುಗಳು ಬಾಗುವ ಜಾಗದಲ್ಲಿ, ಹೊರಗಿನ ಪ್ಲಾಸ್ಟಿಕ್ ಚೆನ್ನಾಗೇ ಇದ್ದು ಒಳಗಿನ ತಾಮ್ರದ ಎಳೆಗಳು ತುಂಡಾಗಿದ್ದವು, ಹೊರಗಿನಿಂದ ಯಾರಿಗೂ ಕಾಣುವಂಥದ್ದಲ್ಲ ಅಲ್ವಾ. ಅಷ್ಟು ಉದ್ದಕ್ಕೆ ಹೊಸ ವೈರ್ ಹಾಕಿ, ಜಾಯಿಂಟನ್ನು ಬಾಗದ ಜಾಗಕ್ಕೆ ಸರಿಸಿದರು. ತುಕ್ಕು ಹಿಡಿದ ಅರ್ಥ್ ಕನೆಕ್ಷನ್ (ಬೈಕಿನ ಲೋಹದ ಭಾಗಕ್ಕೆ ವೈರ್ ಸೇರುವ ಜಾಗ) ಕೂಡ ಉಜ್ಜಿಕೊಟ್ಟರು. ಎಲ್‌ಇಡಿ ಬಲ್ಬ್ ಹಾಕಿದರೆ ಕರೆಂಟ್ ಕಡಿಮೆಯಾಗಿ ಹಳೆ ರಿಲೇಯಿಂದ ಇಂಡಿಕೇಟರ್ ತುಂಬಾ ಬೇಗ ಬೇಗ ಮಿನುಗಬಹುದು ಅಂತ ಎಚ್ಚರಿಸಿದ್ದೂ ಇಷ್ಟವಾಯಿತು. ಪಾರ್ಕಿಂಗ್ ಮಾತ್ರ ಕಷ್ಟ, ಬೆಳಿಗ್ಗೆಯೇ ಹೋಗಿ.