ಗರ್ಭಕಂಠ ಕ್ಯಾನ್ಸರ್ ತಪಾಸಣೆ: ಎಚ್‌ಪಿವಿ ಡಿಎನ್‌ಎ, ಪ್ಯಾಪ್, ವಿಐಎ – ಯಾವುದು?

ಮೂರೂ ಸಿಗುವಂತಿದ್ದರೆ ಎಚ್‌ಪಿವಿ (ಗರ್ಭಕಂಠ ಕ್ಯಾನ್ಸರ್ ತರಬಲ್ಲ ಹ್ಯೂಮನ್ ಪ್ಯಾಪಿಲೋಮಾ ವೈರಸ್) ಡಿಎನ್‌ಎ ಪರೀಕ್ಷೆಯನ್ನೇ ಆರಿಸಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ ಹೇಳುವುದೂ ಅದನ್ನೇ. ಜೀವಕೋಶಗಳು ಕೆಡುವ ಮೊದಲೇ ಇದು ಅಪಾಯಕಾರಿ ವೈರಸ್ಸನ್ನು ಪತ್ತೆಹಚ್ಚುತ್ತದೆ. 30ನೇ ವಯಸ್ಸಿನಿಂದ ಶುರು; ನೆಗೆಟಿವ್ ಬಂದರೆ 5ರಿಂದ 10 ವರ್ಷಕ್ಕೊಮ್ಮೆ ಸಾಕು. ಎಚ್‌ಐವಿ ಇರುವವರು 25ರಿಂದಲೇ, 3ರಿಂದ 5 ವರ್ಷಕ್ಕೊಮ್ಮೆ ಮಾಡಿಸಬೇಕು. ಯೋನಿಯ ಮಾದರಿಯನ್ನು ನೀವೇ ತೆಗೆದುಕೊಡಬಹುದು. ಒಳಪರೀಕ್ಷೆಗೆ ಮುಜುಗರಪಡುವವರಿಗೆ ಇದು ನಿಜಕ್ಕೂ ದೊಡ್ಡ ಅನುಕೂಲ. ಪಾಸಿಟಿವ್ ಎಂದರೆ ಕ್ಯಾನ್ಸರ್ ಎಂದಲ್ಲ, ಬಹುತೇಕ ಸೋಂಕು ಎರಡು ವರ್ಷದೊಳಗೆ ತಾನಾಗಿಯೇ ಹೋಗುತ್ತದೆ. ಆದರೂ ಮುಂದಿನ ಪರೀಕ್ಷೆಯನ್ನು ದಯವಿಟ್ಟು ತಪ್ಪಿಸಬೇಡಿ.

ಪ್ಯಾಪ್ ಸ್ಮಿಯರ್‌ನಲ್ಲಿ ಗರ್ಭಕಂಠದ ಕೋಶಗಳನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ರಕ್ತ ಬೆರೆತರೆ, ಕೋಶ ಸಾಲದಿದ್ದರೆ, ಗಾಜಿನ ಮೇಲೆ ಒಣಗಿದರೆ ಮಾದರಿ ಕೆಡುತ್ತದೆ. ಹಾಗಾಗಿ ಮುಟ್ಟಿನ ದಿನಗಳಲ್ಲಿ ಬೇಡ. 3 ವರ್ಷಕ್ಕೊಮ್ಮೆ ಮಾಡಿಸಲೇಬೇಕು.

ವಿಐಎ ಎಂದರೆ ಗರ್ಭಕಂಠಕ್ಕೆ ಆಮ್ಲ ಸವರಿ ಬರಿಗಣ್ಣಿನಿಂದ ನೋಡುವ ಪರೀಕ್ಷೆ; ಇದಕ್ಕೆ ಲ್ಯಾಬ್ ಬೇಕಿಲ್ಲ. ಶೇ 3–5ರ ಅಸಿಟಿಕ್ ಆಮ್ಲ ಸವರಿ, ಕನಿಷ್ಠ ಒಂದು ನಿಮಿಷ ಕಾದು, ಬಿಳಿ ಮಚ್ಚೆ ಹುಡುಕುತ್ತಾರೆ. ಅಂದೇ ಚಿಕಿತ್ಸೆಯೂ ಸಾಧ್ಯ. ಆದರೆ ಫಲಿತಾಂಶ ನೋಡುವವರ ಕಣ್ಣನ್ನು ಅವಲಂಬಿಸಿದೆ. ಮುಟ್ಟು ನಿಂತವರಿಗೆ ಇದು ಹೊಂದುವುದಿಲ್ಲ: ನೋಡಬೇಕಾದ ಭಾಗವೇ ಒಳಗೆ ಸರಿದಿರುತ್ತದೆ.

ಎಚ್‌ಪಿವಿ ಲಸಿಕೆ ಹಾಕಿಸಿಕೊಂಡವರಿಗೂ ತಪಾಸಣೆ ಬೇಕು. ಎಲ್ಲ ಬಗೆಯ ಎಚ್‌ಪಿವಿಯನ್ನೂ ಲಸಿಕೆ ತಡೆಯುವುದಿಲ್ಲ.